ಚಳಿ ಕವಿಯುವಾಗ ಮಾಗುವ ದ್ರಾಕ್ಷಿ

ಪ್ರಶ್ನೆ: ನಮ್ಮದು ಸಾಂಗಲಿ ಜಿಲ್ಲೆಯ ಜತ್ ತಾಲ್ಲೂಕು, ಉಮದಿಯ ಹತ್ತಿರದ ಹಳ್ಳಿ. ಆರು ಎಕರೆ ದ್ರಾಕ್ಷಿ ಪಡ ಇದೆ. ಥಾಮ್ಸನ್ ಮತ್ತು ಮಾಣಿಕ್ ಚಮನ್ ಜಾತಿ ಬೆಳೆಯುತ್ತೇವೆ, ಬಹುಪಾಲು ಮಣೂಕಕ್ಕೇ (ಒಣದ್ರಾಕ್ಷಿಗೇ) ಹೋಗುತ್ತದೆ. ಮಗಳು ಓದಲೆಂದು ಜರ್ಮನಿಯ ಟ್ರಿಯರ್ ಪಟ್ಟಣಕ್ಕೆ ಹೋಗಿದ್ದಾಳೆ. ಕಳೆದ ತಿಂಗಳು ವಿಡಿಯೊ ಕರೆಯಲ್ಲಿ ಹೊಳೆ ದಂಡೆಯ ಗುಡ್ಡವೊಂದನ್ನು ತೋರಿಸಿದಳು. ಗೋಡೆಯಂಥ ಇಳಿಜಾರು, ಮಣ್ಣೇ ಕಾಣದಷ್ಟು ಕಲ್ಲಿನ ಚೂರು, ಅದರಲ್ಲಿ ಗೂಟಕ್ಕೊಂದು ಬಳ್ಳಿ. ಮೋಸೆಲ್ ಎಂಬ ಆ ಸೀಮೆಯ ವೈನ್ ಜಗತ್ತಿಗೇ ಹೆಸರಾದದ್ದಂತೆ. ನಮ್ಮ ಅರ್ಧದಷ್ಟೂ ಬಿಸಿಲಿಲ್ಲದ ಕಡೆ ದ್ರಾಕ್ಷಿ ಹೇಗೆ ಬರುತ್ತದೆ? ಅದು ಯಾವ ಜಾತಿ? ಮಗಳು ಬರುವಾಗ ನಾಲ್ಕು ಕಡ್ಡಿ ತಂದರೆ ಒಂದೆರಡು ಎಕರೆ ಹಾಕಿ ನೋಡಬಹುದೇ? ನಮ್ಮ ಮನೆಯಲ್ಲಿ ಯಾರೂ ಕುಡಿಯುವವರಿಲ್ಲ. ಬೆಳೆಯುವವನ ಕುತೂಹಲಕ್ಕೆ ಕೇಳುತ್ತಿದ್ದೇನೆ.

ಉತ್ತರ: ಯಜಮಾನರೇ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಹಾಕಬೇಡಿ. ಮಗಳ ಚೀಲದಲ್ಲಿ ಕಡ್ಡಿ ತರಿಸಲಂತೂ ಬೇಡವೇ ಬೇಡ. ಕಾರಣ ಆಮೇಲೆ ಹೇಳುತ್ತೇನೆ. ಆದರೆ ನಿಮ್ಮ ಮೊದಲ ಪ್ರಶ್ನೆ, ಬಿಸಿಲಿಲ್ಲದ ಕಡೆ ದ್ರಾಕ್ಷಿ ಹೇಗೆ ಬರುತ್ತದೆ ಎಂಬುದು, ನಾನೂ ಎಷ್ಟೋ ವರ್ಷ ತಲೆಯಲ್ಲಿಟ್ಟುಕೊಂಡು ತಿರುಗಿದ ಪ್ರಶ್ನೆ. ತಾಸಗಾಂವ, ಜತ್, ತಿಕೋಟಾ ಕಡೆಯ ಪಡಗಳಲ್ಲಿ ಚಾಟ್ನಿ (ಬಳ್ಳಿ ಸವರುವುದು), ದಾವಣಿ (ಎಲೆ, ಗೊಂಚಲಿಗೆ ಬರುವ ಬೂಷ್ಟು ರೋಗ), ನೀರು ಎಂದು ಸಲಹೆ ಹೇಳುತ್ತಲೇ ತಲೆ ನರೆತವನು ನಾನು. ಒಮ್ಮೆ ಅಕ್ಟೋಬರ್ ತಿಂಗಳಲ್ಲಿ ಮೋಸೆಲ್ ದಂಡೆಯಲ್ಲಿ ಮೂರು ದಿನ ಕಳೆಯುವ ಅವಕಾಶ ಸಿಕ್ಕಿತ್ತು. ನಾನೂ ಕುಡಿಯುವವನಲ್ಲ. ಬಾಯಿಗೆ ಹಾಕಿಕೊಂಡು, ರುಚಿ ನೋಡಿ, ಉಗಿದು ಬಂದೆ. ಅಲ್ಲಿ ಅದಕ್ಕೆಂದೇ ಪಾತ್ರೆ ಇಟ್ಟಿರುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ.

ಮೋಸೆಲ್ ಮೊದಲು ಒಂದು ಹೊಳೆಯ ಹೆಸರು. ಫ್ರಾನ್ಸಿನ ವೋಜ್ ಬೆಟ್ಟಗಳಲ್ಲಿ ಹುಟ್ಟಿ, ಲಕ್ಸೆಂಬರ್ಗ್ ಮತ್ತು ಜರ್ಮನಿಯ ನಡುವೆ ಗಡಿಯಾಗಿ ಹರಿದು, ಟ್ರಿಯರ್ ದಾಟಿ, ಹಾವು ಸರಿದಂತೆ ಸುತ್ತುತ್ತ ಸುತ್ತುತ್ತ ಕೋಬ್ಲೆನ್ಸ್‌ನಲ್ಲಿ ರೈನ್ ನದಿಯನ್ನು ಸೇರುತ್ತದೆ. ಒಟ್ಟು ಉದ್ದ ಸುಮಾರು 544 ಕಿಲೋಮೀಟರ್. ಅದರ ಜೊತೆಗೆ ಸಾರ್ ಮತ್ತು ರೂವರ್ ಎಂಬ ಎರಡು ಉಪನದಿಗಳ ದಂಡೆಗಳನ್ನೂ ಸೇರಿಸಿ ಜರ್ಮನಿಯಲ್ಲಿ ಮೋಸೆಲ್ ವೈನ್ ಪ್ರದೇಶ ಎನ್ನುತ್ತಾರೆ. 2007ರವರೆಗೆ ಸೀಸೆಗಳ ಮೇಲೆ ‘ಮೋಸೆಲ್-ಸಾರ್-ರೂವರ್’ ಎಂದು ಮೂರೂ ಹೆಸರು ಇರುತ್ತಿದ್ದವು, ಈಗ ಒಂದೇ. ದ್ರಾಕ್ಷಿ ಇರುವ ನೆಲ ಒಂಬತ್ತು ಸಾವಿರ ಹೆಕ್ಟೇರ್‌ಗಿಂತ ಸ್ವಲ್ಪ ಕಡಿಮೆ. 1990ರ ಸುಮಾರಿಗೆ ಅದು ಹನ್ನೆರಡು ಸಾವಿರ ಹೆಕ್ಟೇರ್‌ಗೂ ಹೆಚ್ಚಿತ್ತು. ಏಕೆ ಕುಗ್ಗಿತು ಎಂಬುದು ನಿಮ್ಮ ಮಗಳು ತೋರಿಸಿದ ಆ ಗೋಡೆಯಂಥ ಇಳಿಜಾರಿನಲ್ಲೇ ಇದೆ. ಹತ್ತಿ ಇಳಿದು ದುಡಿಯುವ ಕೈಗಳು ಸಿಗುತ್ತಿಲ್ಲ.

ನಿಮ್ಮ ಊರು ಭೂಮಧ್ಯರೇಖೆಯಿಂದ ಸುಮಾರು 17 ಡಿಗ್ರಿ ಉತ್ತರಕ್ಕಿದೆ. ಟ್ರಿಯರ್ ಸುಮಾರು 50 ಡಿಗ್ರಿಗೆ ಹತ್ತಿರ. ದ್ರಾಕ್ಷಿ ಬಳ್ಳಿ ಹಣ್ಣು ಮಾಗಿಸುವ ಮೇರೆ ಬಹುಕಾಲ ಅಲ್ಲೇ ಎಲ್ಲೋ ಇತ್ತು. ಇನ್ನೂ ಮೇಲಕ್ಕೆ ಹೋದರೆ ಬಳ್ಳಿ ಬದುಕಿದರೂ ಕಾಯಿ ಹುಳಿಯಾಗಿಯೇ ಉಳಿಯುತ್ತಿತ್ತು. ಜುಲೈ ತಿಂಗಳಲ್ಲಿ, ಅಂದರೆ ಅವರ ಕಡು ಬೇಸಿಗೆಯಲ್ಲಿ, ಟ್ರಿಯರ್‌ನ ಸರಾಸರಿ ಉಷ್ಣಾಂಶ 18–19 ಡಿಗ್ರಿ ಸೆಲ್ಸಿಯಸ್. ಅದು ನಮ್ಮ ಕಡೆಯ ಧನುರ್ಮಾಸದ ಮುಂಜಾವು. ಜನವರಿಯಲ್ಲಿ ಒಂದೆರಡು ಡಿಗ್ರಿ. ಬಳ್ಳಿಗೆ ಒಂದು ಲೆಕ್ಕವಿದೆ: 10 ಡಿಗ್ರಿಗಿಂತ ಕೆಳಗಿದ್ದರೆ ಅದು ಬೆಳೆಯುವುದೇ ಇಲ್ಲ. ಹಾಗಾಗಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಮೋಸೆಲ್‌ನ ಬಳ್ಳಿ ಎಲೆಯೆಲ್ಲ ಉದುರಿಸಿ ಸತ್ತಂತೆ ನಿಂತಿರುತ್ತದೆ.

ಹಾಗಾದರೆ ಉಳಿದ ಆರೇಳು ತಿಂಗಳಲ್ಲಿ ಅಷ್ಟು ಕಡಿಮೆ ಬಿಸಿಲಿನಲ್ಲಿ ಹಣ್ಣು ಹೇಗೆ? ಇಲ್ಲಿ ಒಂದು ತಪ್ಪು ತಿಳಿವಳಿಕೆ ತಿದ್ದಬೇಕು. ಬೇಸಿಗೆಯಲ್ಲಿ ಅವರಿಗೆ ಬೆಳಕಿನ ಕೊರತೆ ಇಲ್ಲ. ಜೂನ್‌ನಲ್ಲಿ ಅಲ್ಲಿ ಹಗಲು ಹದಿನಾರು ತಾಸಿಗೂ ಹೆಚ್ಚು. ನಮ್ಮಲ್ಲಿ ವರ್ಷದ ಅತಿ ಉದ್ದದ ಹಗಲೂ ಹದಿಮೂರು ತಾಸು ದಾಟಿದರೆ ಹೆಚ್ಚು. ಅವರಿಗೆ ಕೊರತೆ ಇರುವುದು ಕಾವಿನದು. ಸೂರ್ಯ ನೆತ್ತಿಯ ಮೇಲೆ ಬರುವುದೇ ಇಲ್ಲ. ಹಣ್ಣು ಮಾಗುವ ಸೆಪ್ಟೆಂಬರ್ ಕೊನೆಯ ವಾರದಲ್ಲಿ ನಡುಮಧ್ಯಾಹ್ನವೂ ಅವನು ದಿಗಂತದಿಂದ 40 ಡಿಗ್ರಿಯಷ್ಟೇ ಮೇಲೆ ಇರುತ್ತಾನೆ. ಸಪಾಟು ನೆಲದ ಮೇಲೆ ಆ ಬಿಸಿಲು ಓರೆಯಾಗಿ ಚೆಲ್ಲಿ ತೆಳ್ಳಗಾಗುತ್ತದೆ.

ನಿಮ್ಮ ತೋಟದಲ್ಲಿ ಸೌರ ಪಂಪು ಇದ್ದರೆ ಅದರ ಫಲಕ ನೋಡಿ. ಸ್ವಲ್ಪವೇ ಓರೆ ಇಟ್ಟು ಕೂರಿಸಿರುತ್ತಾರೆ. ಜರ್ಮನಿಯಲ್ಲಿ ಅದೇ ಫಲಕವನ್ನು ಹೆಚ್ಚು ಎತ್ತಿ ನಿಲ್ಲಿಸುತ್ತಾರೆ, ಸೂರ್ಯನಿಗೆ ಎದೆ ಕೊಟ್ಟಂತೆ. ಮೋಸೆಲ್‌ನವರು ಗುಡ್ಡವನ್ನೇ ಫಲಕ ಮಾಡಿಕೊಂಡಿದ್ದಾರೆ. ದಕ್ಷಿಣಕ್ಕೆ ಮುಖ ಮಾಡಿದ, 45–50 ಡಿಗ್ರಿ ಓರೆಯಾದ ಇಳಿಜಾರಿನ ಮೇಲೆ ಶರತ್ಕಾಲದ ಬಿಸಿಲು ನೆಟ್ಟಗೆ ಬೀಳುತ್ತದೆ. ಆ ಸೀಮೆಯ ಹೆಸರಾದ ಪಡಗಳೆಲ್ಲ ಅಂಥ ಕಡೆಯೇ ಇವೆ. ಬ್ರೆಮ್ ಎಂಬ ಹಳ್ಳಿಯ ಕಾಲ್ಮೊಂಟ್ ಗುಡ್ಡದ ಇಳಿಜಾರು ಕೆಲವು ಕಡೆ 60 ಡಿಗ್ರಿಯನ್ನೂ ಮೀರುತ್ತದೆ. ಯುರೋಪಿನ ಅತಿ ಕಡಿದಾದ ದ್ರಾಕ್ಷಿ ತೋಟ ಎಂದು ಅದನ್ನು ತೋರಿಸುತ್ತಾರೆ. ಹೊಳೆ ತಿರುಗಿದಾಗಲೆಲ್ಲ ದಕ್ಷಿಣಕ್ಕೆ ಮುಖವಿದ್ದ ದಂಡೆ ಬಳ್ಳಿಗೆ, ಎದುರಿನ ಉತ್ತರಮುಖಿ ದಂಡೆ ಕಾಡಿಗೋ ರಸ್ತೆಗೋ ಊರಿಗೋ. ಒಂದೇ ಹೊಳೆ, ಎರಡು ದಂಡೆ. ಒಂದರ ನೆಲಕ್ಕೆ ಬಂಗಾರದ ಬೆಲೆ, ಇನ್ನೊಂದನ್ನು ಕೇಳುವವರಿಲ್ಲ. ಕೆಳಗಿನ ನೀರೂ ಸಹಾಯಕ್ಕೆ ಬರುತ್ತದೆ. ಹಗಲಿನ ಕಾವನ್ನು ಹಿಡಿದಿಟ್ಟು ರಾತ್ರಿ ಬಿಡುತ್ತದೆ, ಬೆಳಕನ್ನು ತಿರುಗಿಸಿ ಗುಡ್ಡಕ್ಕೆ ಎರಚುತ್ತದೆ.

ಇನ್ನು ನೀವು ಕಂಡ ಕಲ್ಲಿನ ಚೂರು. ಒಂದನೆಯ ಇಯತ್ತೆಯಲ್ಲಿ ನಾವು ಅ ಆ ಬರೆದ ಪಾಟಿ ನೆನಪಿದೆಯೇ? ಅದೇ ಕಲ್ಲು. ಸುಮಾರು 40 ಕೋಟಿ ವರ್ಷದ ಹಿಂದೆ ಸಮುದ್ರದ ತಳದಲ್ಲಿ ಕೂತ ಕೆಸರು ಒತ್ತಡಕ್ಕೆ ಸಿಕ್ಕಿ ಪದರು ಪದರಾದ ಪಾಟಿಗಲ್ಲು. ನೀಲಿ, ಬೂದು, ಕೆಲವೆಡೆ ಕೆಂಪು. ಹಳೆಯ ಮನೆಗಳ ಚಾವಣಿಗೂ ಅದನ್ನೇ ಹೊದಿಸಿದ್ದಾರೆ. ಕಪ್ಪು ಕಲ್ಲು ಹಗಲು ಕಾಯುತ್ತದೆ, ಸಂಜೆಯ ಮೇಲೂ ಬೆಚ್ಚಗಿರುತ್ತದೆ. ನಾನು ಸೂರ್ಯ ಮುಳುಗಿ ಒಂದು ತಾಸಾದ ಮೇಲೆ ಅಂಗೈ ಊರಿ ನೋಡಿದ್ದೇನೆ. ರೊಟ್ಟಿ ಬೇಯಿಸಿ ಇಳಿಸಿದ ಹಂಚು ಆರುತ್ತಿರುವಂತೆ ಇತ್ತು. ಮಳೆನೀರು ಅದರಲ್ಲಿ ನಿಲ್ಲದೆ ಸೋಸಿ ಹೋಗುತ್ತದೆ, ಬೇರು ಬಿರುಕು ಹುಡುಕಿಕೊಂಡು ಆಳಕ್ಕೆ ಇಳಿಯುತ್ತದೆ. ವೈನ್ ವ್ಯಾಪಾರಿಗಳು ಒಂದು ಹೆಜ್ಜೆ ಮುಂದೆ ಹೋಗಿ, ಈ ವೈನಿನಲ್ಲಿ ಕಲ್ಲಿನ ರುಚಿ ಬರುತ್ತದೆ ಎನ್ನುತ್ತಾರೆ. ಬೇರು ಕಲ್ಲಿನ ರುಚಿಯನ್ನು ಹೀರಿ ಹಣ್ಣಿಗೆ ಏರಿಸುವುದಿಲ್ಲ. ಅದು ಮಾರುವವರ ಮಾತು. ಕಲ್ಲಿನ ಕೊಡುಗೆ ಕಾವು ಮತ್ತು ನೀರಿನ ಬಸಿತ. ಅದು ಸಣ್ಣ ಕೊಡುಗೆಯೇನೂ ಅಲ್ಲ.

ಗೂಟಕ್ಕೊಂದು ಬಳ್ಳಿ ಏಕೆ ಎಂದರೆ, ಅಂಥ ಇಳಿಜಾರಿನಲ್ಲಿ ನಮ್ಮಂತೆ ಮಂಡಪವೋ ಇಂಗ್ಲಿಷ್ ವಾಯ್ (Y) ಆಕಾರದ ಕಂಬಗಳೋ ಹಾಕಿ ತಂತಿ ಎಳೆದರೆ ಮನುಷ್ಯ ಅಡ್ಡ ದಾಟಲು ಆಗುವುದಿಲ್ಲ. ಆದ್ದರಿಂದ ಒಂದೊಂದು ಬಳ್ಳಿಗೆ ಆಳೆತ್ತರದ ಒಂದೊಂದು ಗೂಟ. ಎರಡು ಕಡ್ಡಿಗಳನ್ನು ಎಡಕ್ಕೂ ಬಲಕ್ಕೂ ಬಾಗಿಸಿ ಕೆಳಗೆ ಗೂಟಕ್ಕೇ ಕಟ್ಟುತ್ತಾರೆ. ದೂರದಿಂದ ಅರಳಿ ಎಲೆ ಬಿಡಿಸಿದಂತೆ ಕಾಣುತ್ತದೆ. ಈಗ ಅನುಕೂಲವಿದ್ದ ಕಡೆ ತಂತಿಯ ಸಾಲುಗಳೂ ಬಂದಿವೆ. ಸಾಮಾನು ಸಾಗಿಸಲು ಒಂದೇ ಕಂಬಿಯ ಪುಟ್ಟ ರೈಲು ಹಾಕಿಕೊಂಡಿದ್ದಾರೆ, ಔಷಧ ಸಿಂಪಡಿಸಲು ಹೆಲಿಕಾಪ್ಟರ್ ಬರುತ್ತದೆ. ಹೌದು, ಅಲ್ಲಿಯೂ ದಾವಣಿ ಇದೆ, ಬೂದಿ ರೋಗವೂ ಇದೆ. ಅವರ ಮಳೆ ವರ್ಷವಿಡೀ ಹಂಚಿ ಬೀಳುವುದರಿಂದ ಎಲೆ ಇರುವ ಕಾಲದಲ್ಲೇ ದಾವಣಿಗೆ ಹಬ್ಬ. ಅಕ್ಟೋಬರ್‌ನ ಅಕಾಲ ಮಳೆಗೆ ನೀವು ನಿದ್ದೆಗೆಡುವಂತೆ ಅವರು ಜೂನ್‌ನಲ್ಲಿ ನಿದ್ದೆಗೆಡುತ್ತಾರೆ.

ಈಗ ಜಾತಿಯ ಮಾತು. ಮೋಸೆಲ್ ಎಂದರೆ ರೀಸ್ಲಿಂಗ್. ಅಲ್ಲಿಯ ನೆಲದ ಐದರಲ್ಲಿ ಮೂರು ಪಾಲು ಅದೇ. ಬಿಳಿ ದ್ರಾಕ್ಷಿ, ಸಣ್ಣ ಗೊಂಚಲು, ಒತ್ತೊತ್ತಾದ ಸಣ್ಣ ಕಾಳು, ಒಳಗೆ ಬೀಜ. ನಮ್ಮ ಥಾಮ್ಸನ್ ಗೊಂಚಲಿನ ಪಕ್ಕ ಇಟ್ಟರೆ ಇದೇನು ಕಾಡುಕಾಯಿಯೇ ಎಂದು ನೀವು ನಕ್ಕುಬಿಡುತ್ತೀರಿ. ಅವರಿಗೆ ಜಿ.ಎ. (ಗಿಬ್ಬರೆಲಿಕ್ ಆಮ್ಲ) ದ್ರಾವಣದಲ್ಲಿ ಗೊಂಚಲು ಅದ್ದಿ ಕಾಳು ಉಬ್ಬಿಸುವ ಅಗತ್ಯವೇ ಇಲ್ಲ. ವೈನಿಗೆ ಬೇಕಾದ ಪರಿಮಳದ ಬಹುಪಾಲು ಸಿಪ್ಪೆಯಲ್ಲಿದೆ, ಕಾಳು ಚಿಕ್ಕದಾದಷ್ಟೂ ರಸಕ್ಕೆ ಸಿಪ್ಪೆಯ ಪಾಲು ಹೆಚ್ಚು. ಈ ಜಾತಿಯ ಹೆಸರು ಕಾಗದದಲ್ಲಿ ಮೊದಲು ಕಾಣುವುದು 1435ರಲ್ಲಿ, ರೈನ್ ಸೀಮೆಯ ರ‍್ಯೂಸೆಲ್ಸ್‌ಹೈಮ್‌ನ ಒಂದು ಲೆಕ್ಕಪತ್ರದಲ್ಲಿ. ಮೋಸೆಲ್‌ನಲ್ಲಿ ಅದು ಬೇರೂರಿದ್ದಕ್ಕೆ ಒಬ್ಬ ದೊರೆಯ ಹುಕುಂ ಕಾರಣ. ಟ್ರಿಯರ್‌ನ ಆರ್ಚ್‌ಬಿಷಪ್ ಆಗಿದ್ದ ಕ್ಲೆಮೆನ್ಸ್ ವೆನ್ಸೆಸ್ಲಾಸ್ ನಾಡಿನ ಆಡಳಿತವನ್ನೂ ನಡೆಸುತ್ತಿದ್ದ. ಕಳಪೆ ಜಾತಿಗಳನ್ನು ಕಿತ್ತು ರೀಸ್ಲಿಂಗ್‌ನಂಥ ಒಳ್ಳೆಯ ಜಾತಿ ಹಾಕಬೇಕೆಂದು ಅವನು 1787ರಲ್ಲಿ ಆಜ್ಞೆ ಹೊರಡಿಸಿದ.

ರೀಸ್ಲಿಂಗ್‌ಗೆ ಚಳಿಸೀಮೆ ಒಗ್ಗಲು ಎರಡು ಗುಣ ಕಾರಣ. ಅದರ ಕಟ್ಟಿಗೆ ಗಟ್ಟಿ, ಹಿಮ ಬಿದ್ದರೂ ಸಾಯುವುದಿಲ್ಲ. ಮತ್ತೆ ಅದು ತಡವಾಗಿ ಕಣ್ಣು ಒಡೆಯುತ್ತದೆ. ಏಪ್ರಿಲ್‌ನ ಕೊನೆಯ ರಾತ್ರಿಗಳ ಹಿಮಕ್ಕೆ ಎಳೆ ಚಿಗುರು ಸಿಕ್ಕಿ ಕರಗುವ ಅಪಾಯ ಅಷ್ಟರಮಟ್ಟಿಗೆ ಕಡಿಮೆ. ಕಡಿಮೆ ಎಂದೆ, ಇಲ್ಲವೆನ್ನಲಿಲ್ಲ. 2024ರ ಏಪ್ರಿಲ್‌ನಲ್ಲಿ ಒಂದೆರಡು ರಾತ್ರಿಯ ಹಿಮ ಅಲ್ಲಿ ಎಷ್ಟೋ ಪಡಗಳ ಚಿಗುರನ್ನು ಕಪ್ಪಾಗಿಸಿತು.

ಉಳಿದ ಜಾತಿಗಳು ಬೇಗ ಹೇಳಿ ಮುಗಿಸುವಂಥವು. ಮ್ಯೂಲರ್-ಟುರ್ಗಾವ್ ಎಂಬುದೊಂದು ಇದೆ. ಸ್ವಿಟ್ಜರ್ಲೆಂಡಿನ ಟುರ್ಗಾವ್ ಪ್ರಾಂತದ ಹರ್ಮನ್ ಮ್ಯೂಲರ್ ಎಂಬ ವಿಜ್ಞಾನಿ 1882ರಲ್ಲಿ ಜರ್ಮನಿಯ ಗೈಸೆನ್‌ಹೈಮ್‌ನಲ್ಲಿ ಮಾಡಿದ ಮಿಶ್ರತಳಿ. ಬೇಗ ಮಾಗುತ್ತದೆ, ಧಾರಾಳ ಇಳುವರಿ, ರುಚಿ ಸಪ್ಪೆ. ರೀಸ್ಲಿಂಗ್ ಮತ್ತು ಸಿಲ್ವಾನರ್ ಅದರ ತಂದೆತಾಯಿ ಎಂದು ನೂರು ವರ್ಷ ನಂಬಿದ್ದರು. ಡಿಎನ್‌ಎ ಪರೀಕ್ಷೆ ಬಂದ ಮೇಲೆ ಸಿಲ್ವಾನರ್ ಅಲ್ಲ, ಮದಲೀನ್ ರೊಯಾಲ್ ಎಂದು ಗೊತ್ತಾಯಿತು. ಎಲ್ಬ್ಲಿಂಗ್ ಬಹಳ ಹಳೆಯದು, ತುಂಬ ಹುಳಿ. ಟ್ರಿಯರ್‌ನ ಮೇಲ್ಭಾಗದಲ್ಲಿ, ಪಾಟಿಗಲ್ಲು ಮುಗಿದು ಸುಣ್ಣಕಲ್ಲು ಸಿಗುವ ಕಡೆ ಅದನ್ನು ಬೆಳೆದು ನೊರೆವೈನ್ ಮಾಡುತ್ತಾರೆ. ಕಪ್ಪು ಜಾತಿಯಲ್ಲಿ ಪಿನೋ ನ್ವಾರ್. ಇತ್ತೀಚೆಗೆ ಸೆಖೆ ಏರಿದಂತೆ ಅದರ ಮಾನ ಏರುತ್ತಿದೆ.

ಆ ಸುಣ್ಣಕಲ್ಲಿನ ಭಾಗದಲ್ಲಿ ಹೊಳೆಯ ಒಂದು ದಂಡೆ ಜರ್ಮನಿ, ಇನ್ನೊಂದು ಲಕ್ಸೆಂಬರ್ಗ್. ಎರಡೂ ಕಡೆ ಅವೇ ದ್ರಾಕ್ಷಿ, ಹೆಚ್ಚುಕಡಿಮೆ ಅದೇ ಹಳ್ಳಿಯ ಮಾತು. ಸೀಸೆಯ ಮೇಲಿನ ಹೆಸರು ಮಾತ್ರ ಬೇರೆ. ಅಲ್ಲಿ ಲಕ್ಸೆಂಬರ್ಗ್ ದಂಡೆಯಲ್ಲಿ ದ್ರಾಕ್ಷಿ ಬೆಳೆಯುವ ಒಂದು ಪುಟ್ಟ ಹಳ್ಳಿಯ ಹೆಸರು ಶೆಂಗೆನ್. ವೀಸಾ ಕಾಗದಗಳಲ್ಲಿ ಕೇಳುವ ಶೆಂಗೆನ್ ಅದೇ. 1985ರ ಜೂನ್‌ನಲ್ಲಿ ಮೋಸೆಲ್ ನೀರಿನ ಮೇಲೆ ನಿಂತ ಒಂದು ಹಡಗಿನಲ್ಲಿ ಐದು ದೇಶಗಳು ಗಡಿ ತಪಾಸಣೆ ತೆಗೆಯುವ ಒಪ್ಪಂದಕ್ಕೆ ಸಹಿ ಹಾಕಿದವು. ಮನೆಯಲ್ಲಿ ಕನ್ನಡ, ತಹಸೀಲಿಯಲ್ಲಿ ಮರಾಠಿ, ನೆಂಟರು ಚಡಚಣದಲ್ಲಿ, ಮಣೂಕ ಮಾರುವುದು ತಾಸಗಾಂವದಲ್ಲಿ ಎಂಬ ಬದುಕು ನಮಗೆ ಹೊಸದಲ್ಲ. ಆ ಹಳ್ಳಿಯನ್ನು ನೋಡಿದಾಗ ನನಗೆ ಗುಡ್ಡಾಪುರದ ದಾನಮ್ಮನ ಜಾತ್ರೆಯ ನೆನಪಾಯಿತು. ಅಲ್ಲಿಗೆ ನಡೆದು ಬರುವವರೂ ಯಾವ ರಾಜ್ಯದ ಮಣ್ಣು ತುಳಿಯುತ್ತಿದ್ದೇವೆ ಎಂದು ನೋಡುವುದಿಲ್ಲ.

ಬೆಳೆಗಾರನ ಕಷ್ಟವೂ ಹೊಸದಲ್ಲ. ಟ್ರಿಯರ್ ಕಾರ್ಲ್ ಮಾರ್ಕ್ಸ್ ಹುಟ್ಟಿದ ಊರು. 1830ರ ದಶಕದಲ್ಲಿ ಜರ್ಮನ್ ಸಂಸ್ಥಾನಗಳ ನಡುವಿನ ಸುಂಕ ತೆಗೆದಾಗ ದಕ್ಷಿಣದ ಅಗ್ಗದ ವೈನ್ ನುಗ್ಗಿ ಮೋಸೆಲ್‌ನ ದರ ಬಿತ್ತು, ರೈತರು ಮುಳುಗಿದರು. ಇಪ್ಪತ್ನಾಲ್ಕರ ತರುಣ ಮಾರ್ಕ್ಸ್ 1843ರ ಜನವರಿಯಲ್ಲಿ ಪತ್ರಿಕೆಯಲ್ಲಿ ಬರೆದದ್ದು ಆ ದ್ರಾಕ್ಷಿ ಬೆಳೆಗಾರರ ಸಂಕಟದ ಬಗ್ಗೆ. ಇನ್ನೂ ಹಿಂದಕ್ಕೆ ಹೋದರೆ ರೋಮನ್ನರು ಸಿಗುತ್ತಾರೆ. ಪೀಸ್‌ಪೋರ್ಟ್ ಹಳ್ಳಿಯಲ್ಲಿ ನಾಲ್ಕನೆಯ ಶತಮಾನದ ದ್ರಾಕ್ಷಿ ತುಳಿಯುವ ತೊಟ್ಟಿಗಳು ಅಗೆತದಲ್ಲಿ ಸಿಕ್ಕಿವೆ. ನೋಯ್‌ಮಾಗೆನ್ ಎಂಬಲ್ಲಿ ಸಿಕ್ಕ ಸಮಾಧಿಶಿಲ್ಪದಲ್ಲಿ ವೈನ್ ಪೀಪಾಯಿ ತುಂಬಿದ ದೋಣಿಯನ್ನು ಹುಟ್ಟುಹಾಕುವವರು ಸಾಲಾಗಿ ಕೂತಿದ್ದಾರೆ. ಒಬ್ಬನ ಮುಖದಲ್ಲಿ ನಗೆ. ಅದು ಟ್ರಿಯರ್‌ನ ವಸ್ತುಸಂಗ್ರಹಾಲಯದಲ್ಲಿದೆ, ಮಗಳಿಗೆ ನೋಡಲು ಹೇಳಿ.

ಈಗ ಮುಖ್ಯ ವಿಷಯ. ಮೋಸೆಲ್‌ನ ಹಣ್ಣಿಗೂ ನಮ್ಮ ಹಣ್ಣಿಗೂ ವ್ಯತ್ಯಾಸ ಎಲ್ಲಿದೆ? ದಿನಗಳ ಲೆಕ್ಕದಲ್ಲಿ ಇದೆ ಎಂದು ಹಲವರು ಹೇಳುತ್ತಾರೆ. ಅಷ್ಟೇನೂ ಇಲ್ಲ. ಅಲ್ಲಿ ಏಪ್ರಿಲ್ ಕೊನೆಗೆ ಕಣ್ಣು ಒಡೆಯುತ್ತದೆ, ಜೂನ್ ನಡುವೆ ಹೂ, ಆಗಸ್ಟ್‌ನಲ್ಲಿ ಕಾಯಿಗೆ ನೀರು ಇಳಿದು ಮೆತ್ತಗಾಗುತ್ತದೆ, ಅಕ್ಟೋಬರ್‌ನಲ್ಲಿ ಕೊಯ್ಲು. ಹೂವಿನಿಂದ ಕೊಯ್ಲಿಗೆ ನೂರು ನೂರಿಪ್ಪತ್ತು ದಿನ. ನೀವು ಅಕ್ಟೋಬರ್ ಚಾಟ್ನಿ ಮಾಡಿ, ಕಡ್ಡಿಗೆ ಡಾರ್ಮೆಕ್ಸ್ ಹಚ್ಚಿ ಕಣ್ಣು ಒಡೆಸಿ, ನವೆಂಬರ್‌ನಲ್ಲಿ ಹೂ ಕಂಡು, ಫೆಬ್ರವರಿ–ಮಾರ್ಚ್‌ಗೆ ಕೊಯ್ಯುತ್ತೀರಿ. ಹೂವಿನಿಂದ ತೊಂಬತ್ತು ನೂರು ದಿನ. ಹದಿನೈದಿಪ್ಪತ್ತು ದಿನದ ಅಂತರ, ಅಷ್ಟೆ.

ಆದರೆ ಆ ದಿನಗಳು ಯಾವ ಕಡೆಗೆ ಹೋಗುತ್ತಿವೆ ನೋಡಿ. ಮೋಸೆಲ್‌ನಲ್ಲಿ ಹೂ ಅರಳುವುದು ವರ್ಷದ ಅತಿ ಉದ್ದದ ಹಗಲಿನಲ್ಲಿ. ಅಲ್ಲಿಂದ ಮುಂದೆ ಹಗಲು ಕಿರಿದಾಗುತ್ತ, ರಾತ್ರಿ ತಣ್ಣಗಾಗುತ್ತ, ಮಾಗುವ ಕೊನೆಯ ವಾರಗಳಲ್ಲಿ ಮುಂಜಾನೆ ಮಂಜು ಕವಿದಿರುತ್ತದೆ. ಚಳಿ ಕವಿಯುವಾಗ ಹಣ್ಣು ಮಾಗುತ್ತದೆ. ನಮ್ಮಲ್ಲಿ ಪೂರ್ತಿ ತಿರುಗುಮುರುಗು: ಹೂ ಕಾಣುವುದು ಚಳಿ ಶುರುವಾಗುವಾಗ, ಮಾಗುವುದು ಬಿಸಿಲು ಏರುವಾಗ. ಶಿವರಾತ್ರಿ ಹೊತ್ತಿಗೆ ಚಳಿ ಶಿವಶಿವ ಎಂದು ಓಡಿಹೋಗುತ್ತದಲ್ಲ, ಆಗಲೇ ನಿಮ್ಮ ಕಾಯಿಗೆ ಸಕ್ಕರೆ ತುಂಬುವ ಕಾಲ.

ಇದರ ಪರಿಣಾಮ ಹುಳಿಯ ಮೇಲೆ. ದ್ರಾಕ್ಷಿಯಲ್ಲಿ ಮುಖ್ಯವಾಗಿ ಎರಡು ಆಮ್ಲ. ಟಾರ್ಟಾರಿಕ್ ಆಮ್ಲ ಸೆಖೆಗೆ ಸುಲಭವಾಗಿ ಬಗ್ಗುವುದಿಲ್ಲ. ಮ್ಯಾಲಿಕ್ ಆಮ್ಲವನ್ನು ಕಾಯಿ ಉಸಿರಾಡುತ್ತ ಸುಟ್ಟುಕೊಳ್ಳುತ್ತದೆ. ಸೆಖೆ ಏರಿದಷ್ಟೂ, ರಾತ್ರಿ ಬೆಚ್ಚಗಿದ್ದಷ್ಟೂ ಬೇಗ ಸುಡುತ್ತದೆ. ಜತ್‌ನ ಮಾರ್ಚ್ ಬಿಸಿಲಿನಲ್ಲಿ ಸಕ್ಕರೆ ಓಡಿ ಬರುತ್ತದೆ, ಹುಳಿ ಓಡಿ ಹೋಗುತ್ತದೆ. ಮೋಸೆಲ್‌ನಲ್ಲಿ ಸಕ್ಕರೆ ಕಾಲೆಳೆದುಕೊಂಡು ಬರುತ್ತದೆ, ಹುಳಿ ಕೂತ ಜಾಗ ಬಿಟ್ಟು ಏಳುವುದಿಲ್ಲ. ಅಷ್ಟರಲ್ಲಿ ಸಿಪ್ಪೆಯೊಳಗಿನ ಪರಿಮಳಕ್ಕೆ ತಯಾರಾಗಲು ಸಮಯ ಸಿಗುತ್ತದೆ. ಚಳಿಸೀಮೆಯ ವೈನ್ ಎಂದು ಜಗತ್ತು ಮೆಚ್ಚುವುದು ಈ ತಡಮಾಡುವ ಗುಣವನ್ನು. ರೀಸ್ಲಿಂಗ್ ಬಳ್ಳಿ ಅದನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ, ನಿಜ. ಆದರೆ ಬಳ್ಳಿಯನ್ನು ಪೆಟ್ಟಿಗೆಯಲ್ಲಿ ಹಾಕಿ ತರಬಹುದು, ಆ ಅಕ್ಟೋಬರ್ ತಿಂಗಳನ್ನು ತರಲಾಗುವುದಿಲ್ಲ.

ವೈನಿನ ರುಚಿಯೂ ಅದರಂತೆಯೇ. ಹಿಂದೆ ನೆಲಮನೆಗಳಲ್ಲಿ ಹುದುಗಲು ಇಟ್ಟ ರಸ ಚಳಿಗಾಲ ಬಂದಾಗ ಪೂರ್ತಿ ಹುದುಗದೆ ನಿಂತುಬಿಡುತ್ತಿತ್ತು; ಸ್ವಲ್ಪ ಸಕ್ಕರೆ ಒಳಗೇ ಉಳಿಯುತ್ತಿತ್ತು. ಇಂದು ಅದನ್ನು ಬೇಕೆಂದೇ ತಂಪು ಮಾಡಿ ನಿಲ್ಲಿಸುತ್ತಾರೆ. ಹಾಗಾಗಿ ಅಲ್ಲಿಯ ಹಗುರ ವೈನ್‌ಗಳಲ್ಲಿ ಮದ್ಯಾಂಶ ಶೇಕಡ 8–9 ಇದ್ದರೆ ಹೆಚ್ಚು. ಸಾಮಾನ್ಯ ವೈನಿನಲ್ಲಿ 12–13 ಇರುತ್ತದೆ. ಸಿಹಿ ಇದ್ದರೂ ಜಿಡ್ಡೆನಿಸುವುದಿಲ್ಲ, ಹುಳಿ ಅದನ್ನು ಎತ್ತಿ ಹಿಡಿಯುತ್ತದೆ. ಬೇಸಿಗೆಯಲ್ಲಿ ನಿಮ್ಮ ಮನೆಯಲ್ಲಿ ಮಾವಿನಕಾಯಿ ಪನ್ಹಾ ಮಾಡುತ್ತಾರಲ್ಲ, ಬೆಲ್ಲ ಮುಂದಾದರೆ ಪಾನಕ, ಮಾವು ಮುಂದಾದರೆ ಹಲ್ಲು ಚುಳ್ಳೆನ್ನುತ್ತದೆ, ಎರಡೂ ಸಮ ಇದ್ದಾಗಲೇ ಪನ್ಹಾ. ಹೀಗೆ ಕುಡಿಯದವರಿಗೂ ತಿಳಿಯುವಂತೆ ಹೇಳಬಲ್ಲೆ. ಪೂರ್ತಿ ಹುದುಗಿಸಿದ, ಸಿಹಿಯೇ ಇಲ್ಲದ ರೀಸ್ಲಿಂಗ್ ಕೂಡ ಈಗ ಬೇಕಾದಷ್ಟು ಮಾಡುತ್ತಾರೆ.

ರಸದ ಸಕ್ಕರೆ ಅಳೆಯಲು ನಾವು ಬ್ರಿಕ್ಸ್ ನೋಡುವಂತೆ ಅವರು ಓಕ್ಸ್ಲೆ ನೋಡುತ್ತಾರೆ. ಪ್ಫೋರ್ಟ್ಸ್‌ಹೈಮ್ ಊರಿನ ಫರ್ಡಿನಾಂಡ್ ಓಕ್ಸ್ಲೆ ಎಂಬ ಅಕ್ಕಸಾಲಿಗನ ಹೆಸರಿನ ಅಳತೆ ಅದು. ಒಂದು ಲೀಟರ್ ರಸ ಒಂದು ಲೀಟರ್ ನೀರಿಗಿಂತ ಎಷ್ಟು ಗ್ರಾಂ ಹೆಚ್ಚು ತೂಗುತ್ತದೆಯೋ ಅಷ್ಟು ಓಕ್ಸ್ಲೆ. ಕೊಯ್ದಾಗಿನ ಈ ಅಂಕಿಯ ಮೇಲೆ ವೈನಿಗೆ ದರ್ಜೆ ಸಿಗುತ್ತದೆ. ಮೇಲ್ದರ್ಜೆಗಳಲ್ಲಿ ಕೆಳಗಿನ ಮೆಟ್ಟಿಲು ಕಾಬಿನೆಟ್. ಅದಕ್ಕೆ 70 ಓಕ್ಸ್ಲೆ ಇದ್ದರೆ ಸಾಕು, ನಮ್ಮ ಲೆಕ್ಕದಲ್ಲಿ ಸುಮಾರು 17 ಬ್ರಿಕ್ಸ್. ಹದಿನೇಳಕ್ಕೆ ಕೊಯ್ದರೆ ನಿಮ್ಮ ಮಣೂಕದ ಶೆಡ್‌ನಲ್ಲಿ ಒಳಗೇ ಬಿಟ್ಟುಕೊಳ್ಳುವುದಿಲ್ಲ! ಅದರ ಮೇಲೆ ಸ್ಪೇಟ್ಲೇಸೆ, ಅಂದರೆ ತಡವಾಗಿ ಕೊಯ್ದದ್ದು. ಔಸ್ಲೇಸೆ, ಅಂದರೆ ಆರಿಸಿ ಕೊಯ್ದದ್ದು. ಬಳ್ಳಿಯ ಮೇಲೆಯೇ ಹೆಪ್ಪುಗಟ್ಟಿದ ಕಾಯನ್ನು −7 ಡಿಗ್ರಿ ಅಥವಾ ಅದಕ್ಕಿಂತ ಕೊರೆಯುವ ಚಳಿಯಲ್ಲಿ ಬೆಳಗಾಗುವ ಮುನ್ನ ಕೊಯ್ದು ಹಿಂಡಿದರೆ ಅದು ಐಸ್‌ವೈನ್. ನೀರು ಮಂಜುಗಡ್ಡೆಯಾಗಿ ಹಿಂದುಳಿದು ಸಕ್ಕರೆಯ ರಸ ಮಾತ್ರ ಇಳಿಯುತ್ತದೆ.

ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿನ ಹೆಸರು ಉಚ್ಚರಿಸಲು ನನಗೆ ಮೂರು ದಿನ ಹಿಡಿಯಿತು: ಟ್ರೋಕೆನ್‌ಬೇರೆನ್‌ಔಸ್ಲೇಸೆ. ಬಿಡಿಸಿದರೆ ‘ಒಣಗಿದ ಕಾಳು ಆರಿಸಿದ್ದು’. ಬೋಟ್ರೈಟಿಸ್ ಎಂಬ ಬೂಷ್ಟು ಇದೆ, ಮೋಡ ಮುಸುಕಿದಾಗ ನಮ್ಮ ಗೊಂಚಲು ಕೊಳೆಸುವುದೂ ಅದೇ. ಮೋಸೆಲ್‌ನಲ್ಲಿ ಬೆಳಗ್ಗೆ ಹೊಳೆಯಿಂದ ಮಂಜೆದ್ದು, ಮಧ್ಯಾಹ್ನ ಒಣಬಿಸಿಲು ಬಂದರೆ ಆ ಬೂಷ್ಟು ಹಣ್ಣನ್ನು ಕೊಳೆಸದೆ ಸಿಪ್ಪೆಯಲ್ಲಿ ಸಣ್ಣ ತೂತು ಮಾಡಿ ನೀರು ಆರಿಸುತ್ತದೆ. ಕಾಳು ಸುಕ್ಕಾಗಿ, ಸಕ್ಕರೆ ಗಟ್ಟಿಯಾಗಿ, 150 ಓಕ್ಸ್ಲೆ ಮುಟ್ಟುತ್ತದೆ. 35 ಬ್ರಿಕ್ಸ್ ಎನ್ನಿ. ಅಂಥ ಕಾಳುಗಳನ್ನು ಒಂದೊಂದಾಗಿ ಕೈಯಲ್ಲಿ ಆಯುತ್ತಾರೆ. ಅಂದರೆ ಅವರ ಅತಿ ದುಬಾರಿ ವೈನ್ ಆಗುವುದು ಬಳ್ಳಿಯ ಮೇಲೇ ಆದ ಮಣೂಕದಿಂದ. ನಿಮ್ಮ ಶೆಡ್‌ನಲ್ಲಿ ಕಾಳು ಬೇಗ ಒಣಗಲೆಂದು ಬಳಸುವ ಡಿಪ್ಪಿಂಗ್ ಆಯಿಲ್ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್ ಮಾಡುವ ಕೆಲಸವನ್ನು ಅಲ್ಲಿ ಬೂಷ್ಟು ಮಾಡುತ್ತದೆ. ಇದನ್ನು ಹೇಳಿದಾಗ ಅಲ್ಲಿಯ ಒಬ್ಬ ಮುದುಕ ಬೆಳೆಗಾರ ಬಿದ್ದು ಬಿದ್ದು ನಕ್ಕ. ಹದಿನೈದು ದಿನದಲ್ಲಿ ಟನ್ನುಗಟ್ಟಲೆ ಒಣಗಿಸುತ್ತೇವೆ ಎಂದಾಗ ನಗು ನಿಂತಿತು.

ಇನ್ನು ಕಡ್ಡಿ ತರಿಸುವ ಮಾತು. ಹೊರದೇಶದ ಗಿಡದ ಯಾವ ಭಾಗವನ್ನೂ ಆಮದು ಪರವಾನಗಿ ಮತ್ತು ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ತರುವಂತಿಲ್ಲ. 2003ರ ಸಸ್ಯ ಕ್ವಾರಂಟೈನ್ ಆದೇಶ ಇದೆ. ಇದು ಬರೀ ಕಾಗದದ ಕಿರಿಕಿರಿ ಎನ್ನಬೇಡಿ. 19ನೆಯ ಶತಮಾನದಲ್ಲಿ ಯಾರೋ ಕುತೂಹಲಕ್ಕೆ ಅಮೆರಿಕದ ದ್ರಾಕ್ಷಿ ಗಿಡಗಳನ್ನು ಯುರೋಪಿಗೆ ತಂದರು. ಅವುಗಳ ಬೇರಿನಲ್ಲಿ ಫಿಲಾಕ್ಸೆರಾ ಎಂಬ ಹೇನು ಬಂತು. ಕಣ್ಣಿಗೆ ಸರಿಯಾಗಿ ಕಾಣದ ಆ ಹುಳು ಯುರೋಪಿನ ದ್ರಾಕ್ಷಿಯನ್ನು ಬಹುಪಾಲು ನುಂಗಿತು. ಅಮೆರಿಕದ ಬೇರಿನ ಮೇಲೆ ತಮ್ಮ ಜಾತಿಯ ಕಲಮು ಕಟ್ಟುವುದನ್ನು ಅವರು ಕಲಿತದ್ದು ಆಗ. ನೀವು ಬರ ಮತ್ತು ಸವಳು ನೀರಿಗೆಂದು ಹಾಕಿಕೊಂಡಿರುವ ಡಾಗ್‌ರಿಡ್ಜ್ ಬೇರೂ ಅಮೆರಿಕದ ಮೂಲದ್ದೇ. ಆದರೆ ಮೋಸೆಲ್‌ನ ಪಾಟಿಗಲ್ಲಿನ ಕೆಲವು ಇಳಿಜಾರುಗಳಲ್ಲಿ ಆ ಹೇನಿನ ಆಟ ನಡೆಯಲಿಲ್ಲ. ಸ್ವಂತ ಬೇರಿನ ಮುದಿ ಬಳ್ಳಿಗಳು ಇಂದಿಗೂ ಅಲ್ಲಿ ಉಳಿದಿವೆ.

ಕಾಯದೆ ಪ್ರಕಾರವೇ ತಂದರೂ ಏನಾಗುತ್ತದೆ? ರೀಸ್ಲಿಂಗ್ ನಮ್ಮ ದೇಶಕ್ಕೆ ಬಂದೇ ಇಲ್ಲವೆಂದಲ್ಲ. ನಾಸಿಕದ ಸುಲಾ ಕಂಪನಿ ಅದರ ವೈನ್ ಮಾಡಿ ಮಾರಿದೆ. ನಾಸಿಕದ ಚಳಿಗಾಲದ ರಾತ್ರಿ ನಮಗಿಂತ ತಂಪು. ಆದರೂ ಅಲ್ಲಿ ನೆಲೆಯೂರಿದ ಬಿಳಿ ಜಾತಿಗಳು ಶೆನಿನ್ ಬ್ಲಾಂಕ್ ಮತ್ತು ಸೊವಿನ್ಯೋ ಬ್ಲಾಂಕ್, ಕಪ್ಪಿನಲ್ಲಿ ಶಿರಾಜ್ ಮತ್ತು ಕಾಬರ್ನೆ. ಜತ್‌ನಲ್ಲಿ ರೀಸ್ಲಿಂಗ್ ಹಾಕಿದರೆ ಬಳ್ಳಿ ಸಾಯುವುದಿಲ್ಲ. ನೀವು ಕತ್ತರಿ ಹಿಡಿದು ವರ್ಷಕ್ಕೆರಡು ಸಲ ಎಬ್ಬಿಸಿದರೆ ಏಳುತ್ತದೆ. ಆದರೆ ಆ ತೆಳು ಸಿಪ್ಪೆಯ ಸಣ್ಣ ಕಾಳು ನಮ್ಮ ಬಿಸಿಲಿಗೆ ಸುಡುತ್ತದೆ, ಹುಳಿ ಕರಗುತ್ತದೆ. ಇನ್ನೊಂದು ಕೀಟಲೆಯೂ ಇದೆ. ಬಿಸಿಲು ಹೆಚ್ಚು ತಗುಲಿದ ರೀಸ್ಲಿಂಗ್ ಹಣ್ಣಿನ ವೈನ್ ಹಳತಾದಂತೆ ಒಂದು ವಾಸನೆ ಕಟ್ಟುತ್ತದೆ. ಬಲ್ಲವರು ಅದನ್ನು ಪೆಟ್ರೋಲ್ ಎಂದು ಗೌರವದಿಂದ ಕರೆಯುತ್ತಾರೆ. ನನ್ನ ಮೂಗಿಗೆ ಅದು ಚಿಮಣಿ ಎಣ್ಣೆ. ಮೋಸೆಲ್‌ನ ಹತ್ತು ವರ್ಷದ ವೈನಿನಲ್ಲಿ ಅದರ ಎಳೆಯೊಂದು ಇದ್ದರೆ ಮೆಚ್ಚುತ್ತಾರೆ. ಜತ್‌ನ ಬಿಸಿಲಿನಲ್ಲಿ ಅದು ಎಳೆಯಾಗಿ ಉಳಿಯುತ್ತದೆ ಎಂದು ನನಗೆ ನಂಬಿಕೆಯಿಲ್ಲ.

ಇಳುವರಿಯನ್ನೂ ನೋಡಿ. ಒಳ್ಳೆಯ ವೈನಿಗೆಂದು ಬೆಳೆಯುವ ಮೋಸೆಲ್ ರೈತ ಎಕರೆಗೆ ಮೂರು ಮೂರೂವರೆ ಟನ್ ಕೊಯ್ಯುತ್ತಾನೆ. ಒಂಬತ್ತು-ಐದು ಅಡಿ ಅಂತರದ ನಿಮ್ಮ ಎಕರೆಯ ಒಂಬೈನೂರು ಚಿಲ್ಲರೆ ಬಳ್ಳಿಗಳು ಹತ್ತು ಟನ್ ಇಳಿಸುತ್ತವೆ. ಅವನ ಸೀಸೆಗೆ ಸಿಗುವ ಬೆಲೆ ಅವನನ್ನು ಉಳಿಸುತ್ತದೆ. ನಮ್ಮಲ್ಲಿ ವೈನ್ ದ್ರಾಕ್ಷಿಗೆ ಕೊಳ್ಳುವವರು ಕೆಲವರೇ, ಕೊಳ್ಳದಿದ್ದರೆ ಅದನ್ನು ಪೇಟೆಯಲ್ಲಿ ತಿನ್ನುವವರಿಲ್ಲ, ಬೀಜವಿರುವುದರಿಂದ ಮಣೂಕಕ್ಕೂ ಆಗದು. 2001ರಲ್ಲಿ ಮಹಾರಾಷ್ಟ್ರ ಸರಕಾರ ವೈನ್ ನೀತಿ ತಂದು ನಮ್ಮ ಸಾಂಗಲಿ ಜಿಲ್ಲೆಯ ಪಲೂಸ್‌ನಲ್ಲೂ ವೈನ್ ಪಾರ್ಕ್ ಮಾಡಿತು. ಆಗ ಉಮೇದಿಯಿಂದ ಥಾಮ್ಸನ್ ಕಿತ್ತು ಶಿರಾಜ್ ಹಾಕಿದ ಒಬ್ಬರ ಪಡಕ್ಕೆ ನಾನೇ ಸಲಹೆಗಾರನಾಗಿದ್ದೆ. ಎರಡು ಹಂಗಾಮು ಕೊಂಡ ವೈನರಿ ಮೂರನೆಯ ಹಂಗಾಮಿಗೆ ಫೋನು ಎತ್ತಲಿಲ್ಲ. ಹಣ್ಣು ಬಳ್ಳಿಯ ಮೇಲೆಯೇ ಸುಕ್ಕಿತು. ಬರೆದ ಕರಾರು ಇರಲಿಲ್ಲ, ಬಾಯಿಮಾತು. ಬೇಡವೆಂದು ಗಟ್ಟಿಯಾಗಿ ಹೇಳದ ತಪ್ಪು ನನ್ನದೂ ಹೌದು. ನಿಮಗೆ ಮೊದಲ ಸಾಲಿನಲ್ಲೇ ‘ಹಾಕಬೇಡಿ’ ಎಂದದ್ದು ಅದಕ್ಕೇ.

ಅಷ್ಟಾದರೂ ಹಟ ಇದ್ದರೆ ಪುಣೆಯ ಬಳಿ ಮಾಂಜ್ರಿಯಲ್ಲಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರಕ್ಕೆ ಹೋಗಿ ಬನ್ನಿ. ಹಲವು ದೇಶಗಳ ಜಾತಿಗಳನ್ನು ಒಂದೇ ಕಡೆ ಬೆಳೆಸಿಟ್ಟಿದ್ದಾರೆ; ನಮ್ಮ ಹವೆಯಲ್ಲಿ ವೈನ್ ಜಾತಿಗಳ ಗೊಂಚಲು ಹೇಗಾಗುತ್ತದೆ ಎಂದು ಕಣ್ಣಾರೆ ಕಾಣಬಹುದು. ಹೋಗುವುದಾದರೆ ಫೆಬ್ರವರಿಯಲ್ಲಿ, ಹಣ್ಣು ಇರುವಾಗ.

ಇನ್ನೊಂದು ವಿಷಯ, ನೀವು ಕೇಳದಿದ್ದರೂ. ಮೋಸೆಲ್‌ನ ಚಳಿ ಮೊದಲಿನಷ್ಟಿಲ್ಲ. ನಾಲ್ಕು ದಶಕದ ಹಿಂದೆ ಹತ್ತು ವರ್ಷದಲ್ಲಿ ಮೂರೋ ನಾಲ್ಕೋ ಹಂಗಾಮು ಮಾತ್ರ ರೀಸ್ಲಿಂಗ್ ಚೆನ್ನಾಗಿ ಮಾಗುತ್ತಿತ್ತು ಎಂದು ಅಲ್ಲಿಯ ಹಿರಿಯರು ಹೇಳುತ್ತಾರೆ. ಈಗ ಮಾಗದ ವರ್ಷವೇ ಅಪರೂಪ. 2019ರ ಜುಲೈನಲ್ಲಿ ಜರ್ಮನಿಯ ಕೆಲವೆಡೆ ಉಷ್ಣಾಂಶ 40 ಡಿಗ್ರಿ ದಾಟಿ, ಗೊಂಚಲುಗಳು ಬಿಸಿಲಿಗೆ ಸುಟ್ಟವು. ಹಣ್ಣಿಗೆ ಬಿಸಿಲು ಬೀಳಲೆಂದು ಎಲೆ ಕೀಳುತ್ತಿದ್ದವರು ಈಗ ನೆರಳಿಗೆಂದು ಎಲೆ ಬಿಡುತ್ತಿದ್ದಾರೆ. ಐಸ್‌ವೈನಿಗೆ ಬೇಕಾದ −7 ಡಿಗ್ರಿ ಕೆಲವು ಚಳಿಗಾಲದಲ್ಲಿ ಬರುವುದೇ ಇಲ್ಲ. ಹಿಂದೆ ಮಾಗುವುದಿಲ್ಲವೆಂದು ಬಿಟ್ಟಿದ್ದ ತಂಪಾದ ಪಕ್ಕದ ಕಣಿವೆಗಳನ್ನು, ಸಾರ್ ದಂಡೆಯ ಎತ್ತರದ ಜಾಗಗಳನ್ನು ತರುಣರು ಮತ್ತೆ ಹುಡುಕಿಕೊಂಡು ಹೋಗುತ್ತಿದ್ದಾರೆ.

ಮಗಳಿಗೆ ಒಂದು ಕೆಲಸ ಹೇಳಿ. ಫೆಬ್ರವರಿ ಕೊನೆಗೋ ಮಾರ್ಚ್‌ಗೋ, ರಜೆಯ ಒಂದು ದಿನ, ಯಾವುದಾದರೂ ಇಳಿಜಾರಿನ ಪಡದಲ್ಲಿ ಚಾಟ್ನಿ ನಡೆಯುವಾಗ ಹೋಗಿ ನಿಂತು ವಿಡಿಯೊ ಮಾಡಲಿ. ಅವರದು ವರ್ಷಕ್ಕೆ ಒಂದೇ ಚಾಟ್ನಿ. ಎಷ್ಟು ಕಣ್ಣು ಬಿಡುತ್ತಾರೆ, ಕಡ್ಡಿಯನ್ನು ಮುರಿಯದೆ ಹೇಗೆ ಬಾಗಿಸುತ್ತಾರೆ ಎಂದು ಹತ್ತಿರದಿಂದ ತೋರಿಸಲಿ. ಬಳ್ಳಿಯಲ್ಲಿ ರಸ ಏರಿದ ದಿನ, ಗಾಳಿಯಲ್ಲಿ ತೇವವಿರುವಾಗಲೇ ಅವರು ಬಾಗಿಸುವುದು. ಒಣ ದಿನ ಮುಟ್ಟಿದರೆ ಕಡ್ಡಿ ಪಟಕ್ಕನೆ ಮುರಿಯುತ್ತದೆ. ಆ ವಿಡಿಯೊ ನನಗೂ ಕಳುಹಿಸಿ. ನಾನು ಹೋದದ್ದು ಅಕ್ಟೋಬರ್‌ನಲ್ಲಿ. ಅದನ್ನು ಕಣ್ಣಾರೆ ನೋಡಿಲ್ಲ.